ಹಾಸನದ ಕೊರಿಯನ್ ಹೋಟೆಲಲ್ಲಿ ಶನಿವಾರ ನಾನು ತಿಂದಿದ್ದು ವೆಜ್ಜಾ, ಅಲ್ವಾ?

ಆಲೂರು ಶುಂಠಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಶುಂಠಿ ರೇಟು, ಕೊಳೆರೋಗ ಬಿಟ್ಟು ಬೇರೆ ಏನೂ ಕೇಳಿದವನಲ್ಲ. ಇವತ್ತು ಊಟದ ವಿಷಯ ಕೇಳ್ತಾ ಇದೀನಿ, ನಗಬೇಡಿ.

ಹೋದ ಶನಿವಾರ ಅವ್ವನ ಕಣ್ಣು ತೋರಿಸೋಕೆ ಹಾಸನಕ್ಕೆ ಬಂದಿದ್ದೆ. ಮಗಳು ಅಲ್ಲೇ ಹಾಸ್ಟೆಲಲ್ಲಿದ್ದಾಳೆ, ಸೆಕೆಂಡ್ ಪಿಯುಸಿ. ಆಸ್ಪತ್ರೆ ಮುಗಿಯೋ ಹೊತ್ತಿಗೆ ಬಂದವಳು "ಅಪ್ಪಾ, ಇವತ್ತು ಊಟ ನಾನು ಹೇಳಿದ ಕಡೆ" ಅಂದ್ಲು. ನಾನು ಬಿರಿಯಾನಿ ಗಿರಿಯಾನಿ ಅಂದ್ಕೊಂಡು "ಶನಿವಾರ ಕಣಮ್ಮ" ಅಂದೆ. ನಮ್ಮ ಮನೆದೇವರು ತಿಮ್ಮಪ್ಪ, ಶನಿವಾರ ಮಾಂಸ, ಮೀನು, ಮೊಟ್ಟೆ ಮುಟ್ಟೋ ಹಾಗಿಲ್ಲ. "ಅಲ್ಲಿ ವೆಜ್ಜೂ ಸಿಗತ್ತೆ ಬಾ" ಅಂತ ಸಾಲಗಾಮೆ ರಸ್ತೆ ಕಡೆ ಕರ್ಕೊಂಡು ಹೋದ್ಲು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಈ ಕೊರಿಯನ್ ಹೋಟೆಲು. ಕಬ್ಬಿಣದ ಮೆಟ್ಟಿಲು ಹತ್ತಿಸೋಕೆ ಅವ್ವನಿಗೆ ನಾನೊಂದು ಕೈ, ಮಗಳೊಂದು ಕೈ. ಕಣ್ಣಿಗೆ ಡ್ರಾಪ್ಸ್ ಹಾಕಿದ್ರಿಂದ ಅವ್ವನಿಗೆ ಏನೂ ಸರಿಯಾಗಿ ಕಾಣ್ತಾ ಇರಲಿಲ್ಲ, ಅದೇ ಒಳ್ಳೇದಾಯ್ತು ಅನ್ನಿ.

ಐದೇ ಟೇಬಲ್ಲು. ಬಂದು ಕೂತವರೆಲ್ಲ ಹುಡುಗ್ರು ಹುಡುಗೀರು. ನಮ್ಮ ಮೂರು ಜನರ ವಯಸ್ಸು ಕೂಡಿಸಿದ್ರೆ ಉಳಿದ ನಾಲ್ಕು ಟೇಬಲ್ಲಿನದು ಸರಿಹೋಗ್ತಿತ್ತೇನೋ. ಟೇಬಲ್ ಮೇಲೆ ಒಂದು ಮರದ ಡಬ್ಬಿ, ಅದರೊಳಗೆ ಉದ್ದ ಹಿಡಿಯ ಸ್ಟೀಲ್ ಚಮಚ, ಸ್ಟೀಲ್ ಕಡ್ಡಿ. ನೀರು ಯಾರೂ ತಂದು ಕೊಡಲಿಲ್ಲ, ಹತ್ತು ನಿಮಿಷ ಕಾದ ಮೇಲೆ ಮಗಳೇ ಎದ್ದು ತಂದ್ಲು.

ಅವಳು ಹೇಳಿದ್ದು: ಕಿಂಬಾಪ್, ಅಂದ್ರೆ ಕಪ್ಪು ಎಲೆಯಲ್ಲಿ ಸುತ್ತಿದ ಅನ್ನ. ಬಿಬಿಂಬಾಪ್, ಅದು ಅನ್ನದ ಮೇಲೆ ಪಲ್ಯಗಳನ್ನ ಬೇರೆ ಬೇರೆ ಗುಡ್ಡೆ ಹಾಕಿರೋದು. ತೊಕ್‌ಬೊಕ್ಕಿ ಅಂತ ಕೆಂಪು ಗೊಜ್ಜಿನಲ್ಲಿ ಬೆರಳು ಗಾತ್ರದ ಬಿಳಿ ತುಂಡುಗಳು. ಇವುಗಳ ಪಕ್ಕದಲ್ಲಿ ನಾವು ಕೇಳದೇನೇ ಬಂದ ಮೂರು ಪುಟ್ಟ ಬಟ್ಟಲು: ಕಿಮ್ಚಿ (ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸು), ಮೊಳಕೆಕಾಳು, ಹಳದಿ ಮೂಲಂಗಿ. ಆರ್ಡರ್ ತಗೊಂಡ ಹುಡುಗನಿಗೆ "ಎಲ್ಲಾ ವೆಜ್ ತಾನೆ?" ಅಂತ ಎರಡು ಸಲ ಕೇಳಿದೆ. ಎರಡು ಸಲಾನೂ "ವೆಜ್ ಸಾರ್" ಅಂದ.

ಈಗ ನನ್ನ ತೊಂದರೆ. ಆ ಕಿಮ್ಚಿ ಬಾಯಿಗಿಟ್ಟ ಕೂಡ್ಲೆ ಹುಳಿ, ಖಾರ, ಅದರ ಹಿಂದೇನೇ ಒಂದು ವಾಸನೆ. ಆಲೂರು ಸಂತೇಲಿ ಒಣಮೀನಿನ ಸಾಲು ದಾಟುವಾಗ ಬರತ್ತಲ್ಲ, ಅದರ ತಮ್ಮ. ಮಗಳಿಗೆ ಹೇಳಿದ್ರೆ "ಅದು ಹುಳಿ ಬಂದಿರೋ ವಾಸನೆ, ಸುಮ್ನೆ ತಿನ್ನಪ್ಪಾ" ಅಂದ್ಲು. ಸುಮ್ನೆ ತಿಂದೆ. ರುಚಿಯಾಗೇ ಇತ್ತು, ಎರಡನೇ ಬಟ್ಟಲೂ ಹಾಕಿಸ್ಕೊಂಡೆ, ಅದಕ್ಕೆ ಅರವತ್ತು ರೂಪಾಯಿ ಬಿಲ್ಲಿಗೆ ಸೇರಿಸಿದ್ದ. ಮೊದಲನೇದು ಪುಕ್ಕಟೆ, ಎರಡನೇದಕ್ಕೆ ದುಡ್ಡು, ಇದ್ಯಾವ ನ್ಯಾಯ?

ಇನ್ನೊಂದು ವಿಚಿತ್ರ. ಫೋನ್ ಬಂತು ಅಂತ ನಾನು ಆ ಕಡ್ಡಿ ಎರಡನ್ನೂ ಅನ್ನದೊಳಗೆ ನೆಟ್ಟು ಜೇಬಿಗೆ ಕೈ ಹಾಕಿದೆ. ಒಳಗಿಂದ ಅಡುಗೆಯವನೇ ಬಂದು, ಒಂದು ಮಾತೂ ಆಡದೆ, ಕಡ್ಡಿ ಕಿತ್ತು ಪಕ್ಕಕ್ಕೆ ಮಲಗಿಸಿ ಹೋದ. ನಂಗೆ ಅವಮಾನ ಆಗಲಿಲ್ಲ, ಯಾಕೆ ಅಂತ ಮಾತ್ರ ತಿಳೀಲಿಲ್ಲ.

ಇಷ್ಟೆಲ್ಲ ಕೇಳ್ತಾ ಇರೋದು ಯಾಕಂದ್ರೆ, ಬರೋ ತಿಂಗಳು ಮಗಳ ಹುಟ್ಟುಹಬ್ಬ. ಅಲ್ಲೇ ಮಾಡಬೇಕಂತೆ, ಎಂಟು ಜನ ಗೆಳತೀರು. ಅವರಲ್ಲಿ ಒಬ್ಬಳು ಶ್ರವಣಬೆಳಗೊಳದ ಜೈನರ ಹುಡುಗಿ. ಅವ್ವನೂ ಬರ್ತೀನಿ ಅಂತಾಳೆ, ಅವಳಿಗೆ ಹಲ್ಲು ನಾಲ್ಕೇ ಉಳಿದಿರೋದು. ಹುಟ್ಟುಹಬ್ಬ ಬಿದ್ದಿರೋದೂ ಶನಿವಾರಾನೆ. ತಿಳಿದವರು ಹೇಳಿ.

ಹೇಮಾವತಿ ದಂಡೆ:

ಸಾರ್, ನಾನು ಸಕಲೇಶಪುರದವನು. ಕೊರಿಯಾದ ಸುವಾನ್ ಊರಲ್ಲಿ ಆರು ವರ್ಷ ಇದ್ದೆ, ಎಲೆಕ್ಟ್ರಾನಿಕ್ಸ್ ಕೆಲಸ. ಮನೇಲಿ ಅಡುಗೆ ಬರ್ತಿರಲಿಲ್ಲ, ಹಾಗಾಗಿ ಆರು ವರ್ಷ ಇಂಥ ಸಣ್ಣ ಹೋಟೆಲುಗಳೇ ನನ್ನ ಸಾಕಿದ್ದು.

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೂಗು ಸರಿಯಾಗೇ ಇದೆ. ಮಾಮೂಲಿ ಕಿಮ್ಚಿಗೆ ಉಪ್ಪಲ್ಲಿ ಕೊಳೆಸಿದ ಮೀನಿನ ರಸ ಹಾಕ್ತಾರೆ, ಇಲ್ಲಾಂದ್ರೆ ಉಪ್ಪು ಸೀಗಡಿ. ಕೆಲವು ಮನೆಗಳಲ್ಲಿ ಎರಡೂ. ಮಂಗಳೂರಿನವರು ಬೊಳೆಂಜಿರ್ ಅಂತಾರಲ್ಲ, ಆ ಜಾತಿಯ ಸಣ್ಣ ಮೀನು. ಆ ಹುಡುಗ ಸುಳ್ಳು ಹೇಳಿದ ಅಂತಾನೂ ನಾನು ಹೇಳಲ್ಲ. ಕಣ್ಣಿಗೆ ಕಾಣೋದು ಎಲೆಕೋಸು, ಅವನ ಲೆಕ್ಕದಲ್ಲಿ ವೆಜ್ಜು. ಸುವಾನಲ್ಲೂ ನಂಗೆ ಹೀಗೇ ಆಗ್ತಿತ್ತು. "ಮಾಂಸ ಬೇಡ" ಅಂದ್ರೆ ಮೇಲಿರೋ ಮಾಂಸದ ಚೂರು ತೆಗೆದು ಅದೇ ಸಾರು ತಂದಿಡೋರು, ಮುಖದಲ್ಲಿ ಪೂರ್ತಿ ಪ್ರಾಮಾಣಿಕತೆ.

ಕಿಮ್ಚಿಗಿಂತ ಮುಖ್ಯವಾದ್ದು ಸಾರಿನ ನೀರು. ನಮ್ಮಲ್ಲಿ ಬೇಳೆಕಟ್ಟು ಹೇಗೋ ಅವರಿಗೆ ಒಣ ಮೀನು ಮತ್ತು ದಾಶಿಮಾ ಅನ್ನೋ ಕಡಲಕಳೆ ಕುದಿಸಿದ ನೀರು ಹಾಗೆ. ತೊಕ್‌ಬೊಕ್ಕಿಯ ಗೊಜ್ಜೂ ಅದರಲ್ಲೇ ಬೇಯೋದು. ಅದರಲ್ಲಿ ತೆಳ್ಳಗೆ ಕಂದುಬಣ್ಣದ ಪದರ ಪದರ ತುಂಡು ಏನಾದ್ರೂ ಇತ್ತಾ? ಇದ್ದಿದ್ರೆ ಅದು ಮೀನು ಅರೆದು ಮಾಡಿದ್ದು. ಕಿಂಬಾಪಿನೊಳಗೆ ಮೊಟ್ಟೆ ಇರತ್ತೆ, ಹ್ಯಾಮ್ ಅಥವಾ ಏಡಿಮಾಂಸದ ಹೆಸರಲ್ಲಿ ಬರೋ ಮೀನಿನ ಕಡ್ಡಿ ಇರತ್ತೆ. ಬಿಬಿಂಬಾಪಿನ ಮೇಲೊಂದು ಮೊಟ್ಟೆ. ಆದ್ರೆ ಈ ಎರಡೂ ಕಣ್ಣಿಗೆ ಕಾಣೋ ಸಾಮಾನು, ಬೇಡ ಅಂದ್ರೆ ತೆಗೆದೇ ಬಿಡ್ತಾರೆ. ನೀವು "ವೆಜ್ಜಾ?" ಅಂತ ಕೇಳಬೇಡಿ. "ಸಾರಿಗೆ ನೀರು ಯಾವುದು? ಕಿಮ್ಚಿಗೆ ಮೀನಿನ ರಸ ಬಿದ್ದಿದೆಯಾ?" ಅಂತ ಕೇಳಿ. ಅದೂ ಬಡಿಸೋ ಹುಡುಗನ್ನ ಅಲ್ಲ, ಒಲೆ ಮುಂದೆ ನಿಂತವನ್ನ.

ಕಡ್ಡಿ ವಿಷಯ. ಕೊರಿಯಾದಲ್ಲಿ ಹಿರಿಯರಿಗೆ ಎಡೆ ಇಡ್ತಾರೆ, ನಾವು ಪಿತೃಪಕ್ಷದಲ್ಲಿ ಇಡೋ ಹಾಗೆ. ಜೆಸಾ ಅಂತಾರೆ ಅದಕ್ಕೆ. ಆಗ ಅನ್ನದ ಬಟ್ಟಲಲ್ಲಿ ಚಮಚ ನೆಟ್ಟಗೆ ನಿಲ್ಲಿಸ್ತಾರೆ, ತೀರಿಕೊಂಡವರು ಬಂದು ಊಟ ಮಾಡಲಿ ಅಂತ. ಕಡ್ಡಿ ನೆಟ್ಟರೆ ಊದುಬತ್ತಿ ಹಚ್ಚಿದ ಹಾಗೂ ಕಾಣತ್ತೆ. ಬದುಕಿರೋರ ಊಟದಲ್ಲಿ ಹಾಗೆ ಮಾಡಿದ್ರೆ ಅಪಶಕುನ. ನಮ್ಮವ್ವ ಆಗಿದ್ರೆ, ಎಲೆಯ ತುದಿ ಬಲಕ್ಕೆ ಹಾಕಿದೆ ಅಂತ ತಲೆಗೆ ಮೊಟಕೋಳು, ಆ ಅಡುಗೆಯವನು ಅಷ್ಟು ಮಾಡಲಿಲ್ಲವಲ್ಲ.

ಅಂದಹಾಗೆ ಅನ್ನಕ್ಕೆ ಕಡ್ಡಿ ಬೇಡವೇ ಬೇಡ. ಕೊರಿಯಾದವರು ಅನ್ನ, ಸಾರು ಎರಡನ್ನೂ ಚಮಚದಲ್ಲೇ ತಿನ್ನೋದು. ಕಡ್ಡಿ ಇರೋದು ಪಲ್ಯ ಎತ್ತೋಕೆ. ಅನ್ನದ ಬಟ್ಟಲನ್ನ ಕೈಲಿ ಎತ್ತಿ ಬಾಯಿ ಹತ್ರ ಹಿಡಿಯೋದೂ ಅಲ್ಲಿ ಸಭ್ಯತೆ ಅಲ್ಲ. ಅಲ್ಲಿ ಅನ್ನ ಬರೋದು ಮುಚ್ಚಳ ಇರೋ ಪುಟ್ಟ ಸ್ಟೀಲ್ ಬಟ್ಟಲಲ್ಲಿ. 1970ರ ದಶಕದಲ್ಲಿ ಅಕ್ಕಿ ಉಳಿಸೋಕೆ ಅಂತ ಸರ್ಕಾರವೇ ಹೋಟೆಲಿನ ಅನ್ನದ ಬಟ್ಟಲಿಗೆ ಅಳತೆ ಗೊತ್ತು ಮಾಡಿತ್ತು. ಅಂಥ ಬಟ್ಟಲು ಇವತ್ತಿಗೂ ಉಳಿದಿದೆ.

ನೀರು ನೀವೇ ತಗೋಬೇಕು, ಅದು ಅಲ್ಲಿನ ಪದ್ಧತಿ, ಗೋಡೆ ಮೇಲೆ ಬರೆದೇ ಇರ್ತಾರೆ. ಆದ್ರೆ ಎರಡನೇ ಬಟ್ಟಲಿಗೆ ದುಡ್ಡು ಅಲ್ಲಿನ ಪದ್ಧತಿ ಅಲ್ಲ. ಪಕ್ಕದ ಬಟ್ಟಲುಗಳಿಗೆ ಬಾಂಚಾನ್ ಅಂತಾರೆ, ಸಾಧಾರಣವಾಗಿ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ, ನಮ್ಮ ಸಾಂಬಾರು ಚಟ್ನಿ ಹಾಗೆ. ಹಾಸನದಲ್ಲಿ ಆ ಕೋಸು ಎಲ್ಲಿಂದ ತರಿಸ್ತಾನೋ ಪಾಪ, ಅವನ ಕಷ್ಟ ಅವನಿಗೆ. ಆದ್ರೂ ಅರವತ್ತು ಜಾಸ್ತಿ ಆಯ್ತು.

ಎಂಟನೇ ಸೆಮ್:

ಅಂಕಲ್ ನಾನು ಆ ಅಂಗಡಿಗೆ ವಾರಕ್ಕೆರಡು ಸಲ ಹೋಗೋನು. ನಮ್ಮ ಕಾಲೇಜಿಂದ ನಡೆದು ಹೋಗೋ ದೂರ. ದಯವಿಟ್ಟು ಅಲ್ಲಿ ನೂಡಲ್ಸ್ ಮಾತ್ರ ತಗೋಬೇಡಿ. 220 ರೂಪಾಯಿ ಇಸ್ಕೊಂಡು ಪ್ಯಾಕೆಟ್ ಒಡೆದು ಬೇಯಿಸಿ ಕೊಡ್ತಾನೆ. ನಾನೇ ಕಣ್ಣಾರೆ ನೋಡಿದೀನಿ, ಕೆಂಪು ಪ್ಯಾಕೆಟ್. ನಮ್ಮ ಹಾಸ್ಟೆಲ್ ಮುಂದಿನ ಗೂಡಂಗಡೀಲಿ ಮೊಟ್ಟೆ ಹಾಕಿದ ಮ್ಯಾಗಿ 50 ರೂಪಾಯಿ.

ಹೇಮಾವತಿ ದಂಡೆ:

ತಮ್ಮಾ, ಅದು ಮೋಸ ಅಲ್ಲ ಕಣೋ. ಕೊರಿಯಾದಲ್ಲೂ ಸಣ್ಣ ಹೋಟೆಲುಗಳು ಪ್ಯಾಕೆಟ್ಟನ್ನೇ ಬೇಯಿಸಿ, ಮೊಟ್ಟೆ ಈರುಳ್ಳಿಸೊಪ್ಪು ಹಾಕಿ ಕೊಡೋದು. ನೀನು ನೋಡಿದ ಕೆಂಪು ಪ್ಯಾಕೆಟ್ ಶಿನ್ ರಾಮ್ಯೊನ್ ಇದ್ದರೂ ಇರಬಹುದು, ಅದು 1986ರಿಂದ ಇದೆ, ನಿನಗಿಂತ ಹಿರಿಯ.

ಇಂಥ ಅಂಗಡಿಗಳಿಗೆ ಅಲ್ಲಿ ಬುನ್‌ಶಿಕ್ ಅಂತ ಹೆಸರು. ಅಂದ್ರೆ ಹಿಟ್ಟಿನ ತಿಂಡಿ. 1960ರ ದಶಕದಲ್ಲಿ ಅಕ್ಕಿ ಸಾಲದೆ ಸರ್ಕಾರ ಗೋಧಿಹಿಟ್ಟು ತಿನ್ನಿ ಅಂತ ಜನರ ಬೆನ್ನು ಹತ್ತಿತ್ತು. ಆಗ ಹುಟ್ಟಿದ ಹೆಸರು ಇವತ್ತಿಗೂ ಉಳಿದಿದೆ, ಈಗ ಅಲ್ಲಿ ಹೆಚ್ಚು ಖರ್ಚಾಗೋದು ಅಕ್ಕಿಯ ತೊಕ್‌ಬೊಕ್ಕಿ, ಕಿಂಬಾಪ್ ಆದ್ರೂ ಸೈ. ಶಾಲೆ ಬಿಟ್ಟ ಮಕ್ಕಳು, ಟ್ಯಾಕ್ಸಿಯವರು, ನನ್ನಂಥ ಒಂಟಿ ಗಂಡಸರು ಅಲ್ಲಿ ಗಿರಾಕಿಗಳು. ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಟಿಫನ್ ರೂಮ್ ಅನ್ಕೊಳ್ಳಿ. ನಾನು ಹೋಗ್ತಿದ್ದ ಕಡೆ ಅಡುಗೆ ಮಾಡ್ತಿದ್ದಾಕೆಗೆ ಅರವತ್ತರ ಮೇಲಾಗಿತ್ತು. ಎಲ್ಲರೂ ಅವಳನ್ನ "ಇಮೋ" ಅಂತ ಕರೆಯೋರು, ತಾಯಿಯ ಅಕ್ಕತಂಗಿಯರಿಗೆ ಹೇಳೋ ಮಾತು, ನಮ್ಮ ದೊಡ್ಡಮ್ಮ ಚಿಕ್ಕಮ್ಮ ಇದ್ದ ಹಾಗೆ. ಮೊದಲ ವರ್ಷ ನಂಗೆ ಹಾಗೆ ಕರೆಯೋಕೆ ನಾಲಿಗೆ ಏಳಲಿಲ್ಲ. ಎರಡನೇ ವರ್ಷ ಕರೆದೆ. ಅವತ್ತಿಂದ ನನ್ನ ಸಾರಿಗೆ ಬೇರೆ ಪಾತ್ರೆ ಇಟ್ಟಳು, ಒಣ ಮೀನಿಲ್ಲದ ನೀರು.

ಆದ್ರೆ ಒಂದು ಮಾತ್ರ ನಾನು ಕ್ಷಮಿಸಿಲ್ಲ. ಊಟ ಆದ ಮೇಲೆ ಬಾಗಿಲ ಹತ್ರ ಮಿಷಿನ್ನಿಂದ ಪುಕ್ಕಟೆ ಕಾಫಿ, ಪುಡಿ ಹಾಲು ಸಕ್ಕರೆ ಎಲ್ಲ ಮೊದಲೇ ಬೆರೆತಿದ್ದು, ಕಾಗದದ ಲೋಟ ಹೆಬ್ಬೆಟ್ಟಷ್ಟು. ಸಕಲೇಶಪುರದ ತೋಟದ ನಡುವೆ ಬೆಳೆದವನು ಅದನ್ನ ಆರು ವರ್ಷ ಕುಡಿದೆ.

ಎಂಟನೇ ಸೆಮ್:

ಸರಿ ಅಣ್ಣ, ಒಪ್ಪಿದೆ, ಆದ್ರೂ 220 ಜಾಸ್ತಿ. ಅಂಕಲ್, ಅಡುಗೆ ಮಾಡೋ ಅಣ್ಣ ಮಣಿಪುರದವನು, ಒಳ್ಳೆಯವನು. ಬೆಂಗಳೂರಲ್ಲಿ ಕೊರಿಯಾದ ಆಂಟಿ ಒಬ್ಬರ ಹೋಟೆಲಲ್ಲಿ ನಾಲ್ಕು ವರ್ಷ ಪಾತ್ರೆ ತೊಳೆದು ಕಲಿತಿದ್ದಂತೆ, ಅದಕ್ಕೇ ಕಡ್ಡಿ ಕಿತ್ತಿದ್ದು. ನಿಂಗ್ಯಾಕೆ ಕೊರಿಯಾ ಹುಚ್ಚು ಅಂತ ಕೇಳಿದ್ದೆ ಒಂದ್ಸಲ. 2000ನೇ ಇಸವೀಲಿ ಅವರ ಕಡೆ ಉಗ್ರಗಾಮಿ ಸಂಘಟನೆಯವರು ಹಿಂದಿ ಸಿನಿಮಾ ತೋರಿಸಬಾರದು ಅಂತ ನಿಲ್ಲಿಸಿಬಿಟ್ರಂತೆ. ಆಮೇಲೆ ಜನ ಕೊರಿಯಾದ ಚಾನೆಲ್ಲು, ಸೀಡಿ ನೋಡೋಕೆ ಶುರು ಮಾಡಿದ್ರು, ಇವನು ಬೆಳೆದಿದ್ದೇ ಅದನ್ನ ನೋಡ್ತಾ. ನಮ್ಮ ಕ್ಲಾಸಿನ ಹುಡುಗೀರಿಗೆ ಈಗ ಬಂದಿರೋ ಹುಚ್ಚು ಮಣಿಪುರದಲ್ಲಿ ಅಮ್ಮಂದಿರ ಕಾಲಕ್ಕೇ ಬಂದಿತ್ತು ಅನ್ನಿ.

ನೂಡಲ್ಸ್ ತಗೊಳ್ಳೋದೇ ಆದ್ರೆ ಪ್ಯಾಕೆಟ್ ತೋರಿಸು ಅನ್ನಿ, ಹಿಂದೆ ಹಸಿರು ಗುರುತು ಇದೆಯಾ ಕಂದು ಗುರುತಾ ನೋಡ್ಕೊಳ್ಳಿ. ಒಂದೇ ಬಣ್ಣದ ಪ್ಯಾಕೆಟ್ಟಲ್ಲಿ ಎರಡೂ ಬರತ್ತೆ.

ಮೂಡಿಗೆರೆ ಮಳೆ:

ನಾನು ಹೋಮ್‌ಸ್ಟೇ ನಡೆಸೋಳು. ಬೆಂಗಳೂರಿನ ಮಕ್ಕಳು ಬಂದು ಅಕ್ಕಿರೊಟ್ಟಿ ಜೊತೆ ಕಿಮ್ಚಿ ಇದೆಯಾ ಆಂಟಿ ಅಂತ ಕೇಳೋ ಕಾಲ ಇದು. ಬೈದುಕೊಂಡೇ ಕಲಿತೆ. ಈಗ ಮೂರು ವರ್ಷದಿಂದ ಮಾಡ್ತಿದ್ದೀನಿ, ಮೀನಿಲ್ಲದೇ. ಆ ಹೋಟೆಲಿನವರನ್ನ ನಂಬದಿದ್ದರೆ ಮನೆಯಲ್ಲೇ ಮಾಡಿ ತಗೊಂಡು ಹೋಗಿ, ಹುಟ್ಟುಹಬ್ಬಕ್ಕೆ ಕೇಕು ಒಯ್ಯಲ್ವಾ ಹಾಗೆ.

ಉದ್ದ ಕೋಸು ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ನಮ್ಮ ಗುಂಡು ಕೋಸೇ ಸಾಕು, ಸ್ವಲ್ಪ ಗಡುಸಾಗತ್ತೆ ಅಷ್ಟೆ. ಕತ್ತರಿಸಿ ಕಲ್ಲುಪ್ಪು ಎರಚಿ ಎರಡು ಗಂಟೆ ಬಿಡಿ, ನಡುವೆ ತಿರುವಿ ಹಾಕ್ತಿರಿ. ಗಡಿಯಾರ ನೋಡಬೇಡಿ, ದಂಟು ನೋಡಿ. ಬೆರಳಲ್ಲಿ ಬಗ್ಗಿಸಿದರೆ ಟಪ್ ಅಂತ ಮುರಿದರೆ ಇನ್ನೂ ಆಗಿಲ್ಲ. ಉಂಗುರದ ಹಾಗೆ ಬಗ್ಗಿ ಬಿಟ್ಟ ಕೂಡ್ಲೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಆಮೇಲೆ ಮೂರು ನೀರಲ್ಲಿ ತೊಳೆದು ಬಿದಿರು ಜಾಲರಿ ಮೇಲೆ ಸೋರಲು ಹಾಕಿ. ಈ ತೊಳೆಯೋದನ್ನ ನಾನು ಮೊದಲ ಸಲ ಬಿಟ್ಟಿದ್ದೆ, ಅತ್ತೆ ಬಾಯಿಗಿಟ್ಟು "ಸಮುದ್ರಾನೇ ತಂದಿಟ್ಟೆಯಲ್ಲೇ" ಅಂದರು.

ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಹಾಕಿ ತೆಳ್ಳಗೆ ಗಂಜಿ ಕಾಯಿಸಿ ಆರಿಸಿ. ಅದಕ್ಕೆ ಬೀಜ ತೆಗೆದು ತರಿತರಿಯಾಗಿ ಕುಟ್ಟಿದ ಬ್ಯಾಡಗಿ, ಬೆಳ್ಳುಳ್ಳಿ, ಶುಂಠಿ, ಈರುಳ್ಳಿಸೊಪ್ಪು, ಸಣ್ಣಗೆ ಹೆಚ್ಚಿದ ಮೂಲಂಗಿ. ಕೊರಿಯಾದ ಮೆಣಸಿನಪುಡಿ ತರಿಸೋ ಅಗತ್ಯ ನಂಗೆ ಕಾಣಲಿಲ್ಲ, ಬ್ಯಾಡಗಿಗೂ ಅದಕ್ಕೂ ಗುಣ ಒಂದೇ, ಬಣ್ಣ ಜಾಸ್ತಿ, ಖಾರ ಕಮ್ಮಿ. ಮೆಣಸಿನಕಾಯಿ ಅವರಿಗೂ ನಮಗೂ ಅಮೆರಿಕದ ಕಡೆಯಿಂದ ಬಂದದ್ದೇ ತಾನೆ, ಯಾರೂ ಮೇಲಲ್ಲ. ಮೀನಿನ ರಸದ ಬದಲು ಒಣ ಅಣಬೆ ನೆನೆಸಿದ ನೀರು ಮತ್ತು ಸೋಯಾ ಸಾಸು ಎರಡು ಚಮಚ. ಆ ನಾಲಿಗೆ ಹಿಂದೆ ಉಳಿಯೋ ರುಚಿ ಬರೋದು ಇದರಿಂದಲೇ.

ಜಾಡಿ ಮುಕ್ಕಾಲು ಮಾತ್ರ ತುಂಬಿ. ಎಲ್ಲ ರಸದಲ್ಲಿ ಮುಳುಗಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮೂರು ದಿನ ಹೊರಗಿಡ್ತೀನಿ, ಬೇಸಿಗೇಲಿ ಒಂದೂವರೆ ದಿನ ಸಾಕು, ಆಮೇಲೆ ಫ್ರಿಜ್ಜು. ದಿನಕ್ಕೊಂದು ಸಲ ಮುಚ್ಚಳ ತೆಗೆದು ಗಾಳಿ ಬಿಡಲೇಬೇಕು. ಒಂದು ಸಲ ಮದುವೆಗೆ ಅಂತ ಊರಿಗೆ ಹೋಗಿ ಎರಡು ದಿನ ಮರೆತೆ. ಬಂದು ಬಾಗಿಲು ತೆಗೆದರೆ ಅಡುಗೆಮನೆ ಸೂರಿನವರೆಗೂ ಕೆಂಪು. ಆಳು ಹುಡುಗಿ ಒಳಗೆ ಏನೋ ಅನಾಹುತ ಆಗಿದೆ ಅಂತ ಅಂಗಳದಲ್ಲೇ ಕೂತುಬಿಟ್ಟಿದ್ದಳು.

ಅವರೂರಲ್ಲಿ ಚಳಿಗೆ ಮೊದಲು ಕೇರಿಯವರೆಲ್ಲ ಸೇರಿ ರಾಶಿ ಕೋಸಿಗೆ ಮಸಾಲೆ ಹಚ್ಚುತ್ತಾರಂತೆ, ಅದನ್ನ 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿಸಿದರು. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಜಾಡಿ ತುಂಬುವ ದಿನವೂ ಹಾಗೇ ಇತ್ತು, ಚಿಕ್ಕಮ್ಮ ದೊಡ್ಡಮ್ಮ ಎಲ್ಲ ಸೇರಿ. ಈಗ ನಾನೊಬ್ಬಳೇ.

ಬೆಳಗೊಳದ ಬಸದಿ ಬೀದಿ:

ನಮಸ್ಕಾರ. ಜೈನ ಹುಡುಗಿಯ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ಮೇಡಂ ಅವರ ಕಿಮ್ಚಿ ಮೀನಿಲ್ಲದ್ದು ಸರಿ, ಆದರೆ ಅದರಲ್ಲಿ ಬೆಳ್ಳುಳ್ಳಿ, ಶುಂಠಿ, ಮೂಲಂಗಿ ಇದೆ. ನೆಲದೊಳಗೆ ಬೆಳೆಯುವುದನ್ನು ನಮ್ಮಲ್ಲಿ ಬಿಡುತ್ತಾರೆ. ಕಟ್ಟುನಿಟ್ಟಿನ ಮನೆಯವರು ಹುದುಗು ಬರಿಸಿದ್ದು, ಹಳೆಯ ಉಪ್ಪಿನಕಾಯಿ ಸಹ ಮುಟ್ಟುವುದಿಲ್ಲ. ಹಾಗೆ ನೋಡಿದರೆ ಕೊರಿಯಾದ ಕೆಂಪು ಗೊಜ್ಜಿನ ಮಸಾಲೆಯೂ ಹುದುಗು ಬಂದದ್ದೇ, ಸೋಯಾ ಸಾಸೂ ಅದೇ. ಜೊತೆಗೆ ಹಲವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ.

ಆದರೆ ಕೊರಿಯಾದಲ್ಲೂ ನಮ್ಮಂಥವರು ಇದ್ದಾರೆ ಎಂಬುದು ನನಗೆ ಸಂತೋಷ. ಅಲ್ಲಿನ ಬೌದ್ಧ ಮಠಗಳಲ್ಲಿ ಮಾಂಸ ಮೀನು ಇಲ್ಲ, ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಐದು ಘಾಟಿನ ಸೊಪ್ಪುಗಳೂ ನಿಷಿದ್ಧ. ಮಠದ ಕಿಮ್ಚಿಗೆ ಮೀನಿನ ರಸವೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬೇಗ್ಯಾಂಗ್‌ಸಾ ಮಠದ ಜಂಗ್ ಕ್ವಾನ್ ಎಂಬ ಭಿಕ್ಷುಣಿಯ ಅಡುಗೆಗೆ ಹೊರದೇಶದ ದೊಡ್ಡ ದೊಡ್ಡ ಬಾಣಸಿಗರು ಬಂದು ಕೂರುತ್ತಾರೆ. ಆದರೆ ಅವರು ಮೂಲಂಗಿ, ಶುಂಠಿ ತಿನ್ನುತ್ತಾರೆ, ಆದ್ದರಿಂದ ಪೂರ್ತಿ ಹೊಂದುವುದಿಲ್ಲ.

ಎಲ್ಲಕ್ಕಿಂತ ಮೊದಲು ಆ ಹುಡುಗಿಯನ್ನೇ ಕೇಳಿ. ನನ್ನ ಮಗನೇ ಬೆಂಗಳೂರಿನಲ್ಲಿ ಆಲೂಗಡ್ಡೆ ಚಿಪ್ಸ್ ತಿನ್ನುತ್ತಾನೆಂದು ನನಗೆ ಗೊತ್ತು, ನಮ್ಮ ತಾಯಿಗೆ ಗೊತ್ತಿಲ್ಲ. ಒಂದೊಂದು ಮನೆಯದು ಒಂದೊಂದು ಲೆಕ್ಕ. ಊಟದ ಹೊತ್ತು ಸಂಜೆ ನಾಲ್ಕಕ್ಕೆ ಇಟ್ಟುಕೊಂಡರೆ ಅವಳು ಯಾರಿಗೂ ವಿವರಣೆ ಕೊಡಬೇಕಾಗುವುದಿಲ್ಲ.

ಆಲೂರು ಶುಂಠಿ:

ಎಲ್ಲರಿಗೂ ದೊಡ್ಡ ನಮಸ್ಕಾರ. ಹೇಮಾವತಿ ದಂಡೆ ಸಾರ್, ನೀವು ಹೇಳಿದ ಕಂದುಬಣ್ಣದ ಪದರ ತುಂಡು ಇತ್ತು. ನಾನು ಅದನ್ನ ಪನೀರ್ ಹುರಿದದ್ದು ಅಂದ್ಕೊಂಡು ಅವ್ವನಿಗೆ ಮೆತ್ತಗಿದೆ ತಿನ್ನು ಅಂತ ನಾನೇ ಹಾಕಿದ್ದೆ. ಹೋಗಲಿ, ತಿಮ್ಮಪ್ಪನ ಹುಂಡಿಗೆ ನೂರೊಂದು ತಪ್ಪುಕಾಣಿಕೆ ಎತ್ತಿಟ್ಟಿದೀನಿ. ಅವ್ವನಿಗೆ ಹೇಳಿಲ್ಲ, ನೀವೂ ಯಾರೂ ಹೇಳಬೇಡಿ.

ಮೂಡಿಗೆರೆ ಮೇಡಂ, ಜಾಡಿ ಸೂರಿಗೆ ಹಾರಿದ ಕತೆ ಓದಿದ ಮೇಲೆ ಮನೇಲಿ ಮಾಡೋ ಧೈರ್ಯ ನನ್ನ ಹೆಂಡತಿಗೆ ಬರಲಿಲ್ಲ. ಹೋಗಿ ಅಡುಗೆಯವನನ್ನೇ ಕೇಳ್ತೀನಿ.

ಆಲೂರು ಶುಂಠಿ (ಐದು ವಾರದ ನಂತರ):

ಹುಟ್ಟುಹಬ್ಬ ಆಯ್ತು. ಒಂದಿಬ್ಬರು ಏನಾಯ್ತು ಅಂತ ಕೇಳಿದ್ರಿ, ಅದಕ್ಕೆ ಬರೀತಿದೀನಿ.

ನಾಲ್ಕು ದಿನ ಮುಂಚೆ ಒಬ್ಬನೇ ಹೋದೆ, ಮಧ್ಯಾಹ್ನ ಮೂರಕ್ಕೆ, ಅಂಗಡಿ ಖಾಲಿ. ಕಲಿತು ಹೋದ ಹಾಗೇ ಕೇಳಿದೆ: ಸಾರಿಗೆ ನೀರು ಯಾವುದು, ಕಿಮ್ಚಿಗೆ ಏನು ರಸ. ಆ ಮಣಿಪುರದ ಹುಡುಗ ನನ್ನ ಮುಖ ಒಂದು ಗಳಿಗೆ ನೋಡಿ ಒಳಗೆ ಕರೆದ. ಒಂದು ಬಾಟಲಿ ಮೂಸೋಕೆ ಕೊಟ್ಟ. ಸಂತೆ ಸಾಲಿನ ತಮ್ಮ ಅಂದಿದ್ದೆನಲ್ಲ, ಇದು ಅಣ್ಣ. "ಯಾರೂ ಹೀಗೆ ಕೇಳಲ್ಲ ಸಾರ್, ವೆಜ್ಜಾ ಅಂತಾರೆ, ನಮ್ಮ ಹುಡುಗ ಹೂಂ ಅಂತಾನೆ" ಅಂದ. ತಪ್ಪಾಯ್ತು ಅಂತಾನೂ ಅಂದ. ಬೆಂಗಳೂರಲ್ಲಿ ಕಲಿತ ಕನ್ನಡ, ಚೆನ್ನಾಗೇ ಇದೆ.

ಶನಿವಾರಕ್ಕೆ ಕಡಲಕಳೆ ಮತ್ತು ಅಣಬೆ ನೀರಲ್ಲಿ ಬೇರೆ ಪಾತ್ರೆ ಇಟ್ಟ, ಮೀನಿನ ತುಂಡು ಬದಲು ಆಲೂಗಡ್ಡೆ ಹಾಕಿದ. ಹಾಸನದ ಆಲೂಗಡ್ಡೆ, ಕೊರಿಯಾದವರು ಏನಾದ್ರೂ ಅಂದ್ಕೊಳ್ಳಲಿ. ಕಿಮ್ಚಿ ನಾಲ್ಕು ದಿನದಲ್ಲಿ ಮೀನಿಲ್ಲದ್ದು ಮಾಡಿಟ್ಟಿದ್ದ. ಹುಳಿ ಇನ್ನೂ ಪೂರ್ತಿ ಹತ್ತಿರಲಿಲ್ಲ, ನಂಗೆ ಮೊದಲ ಸಲ ತಿಂದದ್ದೇ ಇಷ್ಟ ಆಗಿತ್ತು ಅಂತ ಹೇಳೋಕೂ ಆಗಲ್ಲ.

ಬೆಳಗೊಳದ ಹುಡುಗಿಯನ್ನ ಮಗಳು ಕೇಳಿದ್ಲು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬೇಡ, ಉಳಿದದ್ದೆಲ್ಲ ನಡೆಯತ್ತೆ, ಸೋಯಾ ಸಾಸೂ ಸೈ ಅಂದ್ಲಂತೆ. ಅನ್ನ, ಸೌತೆಕಾಯಿ, ಪಾಲಕ್, ಹುರಿದ ಎಳ್ಳೆಣ್ಣೆ, ಸೋಯಾ ಸಾಸು ಹಾಕಿ ಅವಳಿಗೆ ಬಿಬಿಂಬಾಪ್ ಮಾಡಿದ್ದ. ನಾಲ್ಕು ಗಂಟೆಗೇ ಶುರು ಮಾಡಿದ್ವಿ. ಅದನ್ನ ನೋಡಿ ಇನ್ನಿಬ್ಬರು ನಮಗೂ ಅದೇ ಬೇಕು ಅಂದ್ರು. ಎಳ್ಳೆಣ್ಣೆ ವಾಸನೆ ಹಾಗಿತ್ತು.

ಅವ್ವನ ಮಾತು ಹೇಳದಿದ್ರೆ ಆಗಲ್ಲ. ಈ ಸಲ ಕಣ್ಣು ನೆಟ್ಟಗೆ ಕಾಣ್ತಿತ್ತು. ತೊಕ್‌ಬೊಕ್ಕಿಯ ಬಿಳಿ ತುಂಡೊಂದನ್ನ ಚಮಚದಲ್ಲಿ ಎತ್ತಿ, ಗೊಜ್ಜು ನೆಕ್ಕಿ, ಬೆರಳಲ್ಲಿ ಒತ್ತಿ ನೋಡಿ, ಬಾಯಿಗೆ ಹಾಕ್ಕೊಂಡು ಬಹಳ ಹೊತ್ತು ಹೊರಳಾಡಿಸಿದ್ಲು. ಆಮೇಲೆ ಅಡುಗೆಯವನನ್ನ ಕರೆಸಿದ್ಲು. "ಇದು ನಮ್ಮ ಒತ್ತುಶಾವಿಗೆ ಉಂಡೆ ಕಣಪ್ಪ. ಬೇಯಿಸಿದ್ದೀಯ, ಒರಳಿಗೆ ಹಾಕಿ ಒತ್ತಿದ್ದೀಯ, ಆದ್ರೆ ತೂತು ದೊಡ್ಡದಾಯ್ತು." ಅವನಿಗೆ ಅರ್ಧ ಅರ್ಥ ಆಯ್ತು. ಮಗಳು ಫೋನಲ್ಲಿ ಶಾವಿಗೆ ಒರಳಿನ ಚಿತ್ರ ತೆಗೆದು ತೋರಿಸಿದ್ಲು. ಅವನೂ ತನ್ನ ಫೋನ್ ತೆಗೆದು ಕೊರಿಯಾದಲ್ಲಿ ಅಕ್ಕಿ ತುಂಡು ಮಾಡೋ ಮಿಷಿನ್ ತೋರಿಸಿದ. ಬೆಂದ ಅಕ್ಕಿ ಮೇಲಿಂದ ಹೋಗಿ ಕೆಳಗೆ ಹಗ್ಗದ ಹಾಗೆ ಇಳೀತಿತ್ತು. ಅವ್ವ "ಹೇಳಲಿಲ್ವಾ" ಅನ್ನೋ ಹಾಗೆ ನಮ್ಮ ಕಡೆ ನೋಡಿದ್ಲು. ನಾಲ್ಕು ಹಲ್ಲಿಗೆ ಅವೇ ಸರಿಹೋದವು, ಕಾಯಿಹಾಲು ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತಂತೆ.

ಎರಡನೇ ಬಟ್ಟಲಿಗೆ ದುಡ್ಡು ಹಾಕಲಿಲ್ಲ. ನಾನು ಕೇಳಲೂ ಇಲ್ಲ.

ಬರುವಾಗ ನಾನು ಶುಂಠಿ ಬೆಳೆಯೋನು ಅಂತ ಮಾತಿಗೆ ಬಂತು. ಕಿಮ್ಚಿಗೆ ವಾರಕ್ಕೆ ಎರಡು ಕೆಜಿ ಬೇಕು, ಅಂಗಡೀದು ನಾರು ಜಾಸ್ತಿ, ನೀವೇ ಕಳಿಸ್ತೀರಾ ಅಂದ. ಹೂಂ ಅಂದುಬಿಟ್ಟೆ. ಅರವತ್ತು ಕೆಜಿ ಮೂಟೆ ಲೆಕ್ಕದಲ್ಲಿ ಮಾರೋನು ನಾನು. ಈಗ ಮಗಳಿಗೆ ಹಾಸ್ಟೆಲಿಗೆ ಬಟ್ಟೆ ಕಳಿಸೋ ಬ್ಯಾಗಲ್ಲೇ ಎರಡು ಕೆಜಿ ಹಾಕಿ ಆಲೂರಿಂದ ಬಸ್ಸಿಗೆ ಕೊಡ್ತಾ ಇದೀನಿ. ಬಟ್ಟೆಯೆಲ್ಲ ಶುಂಠಿ ವಾಸನೆ ಅಂತ ಅವಳದ್ದು ದಿನಾ ಫೋನು.